ಒಂದು ಸೆಕೆಂಡಿಗೆ 40 ನಿಮಿಷ: ಕಂಪ್ಯೂಟರಿನೊಳಗೆ ಮಿದುಳನ್ನು ನಡೆಸುವುದು ಹೇಗೆ?

2013ರಲ್ಲಿ ಜಪಾನಿನ ಕೋಬೆ ನಗರದಲ್ಲಿದ್ದ ‘ಕೆ’ ಎಂಬ ಸೂಪರ್‌ಕಂಪ್ಯೂಟರಿನ 82,944 ಪ್ರೊಸೆಸರುಗಳು ಒಟ್ಟಾಗಿ 40 ನಿಮಿಷ ದುಡಿದವು. ಅಷ್ಟು ಹೊತ್ತಿನಲ್ಲಿ ಅವು ಲೆಕ್ಕ ಹಾಕಿ ಮುಗಿಸಿದ್ದು 173 ಕೋಟಿ ನರಕೋಶಗಳಿರುವ ಜಾಲವೊಂದರ ಒಂದೇ ಒಂದು ಸೆಕೆಂಡಿನ ಚಟುವಟಿಕೆಯನ್ನು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹಾಗಾಗಿ ಆ ಜಾಲ ನರಕೋಶಗಳ ಎಣಿಕೆಯಲ್ಲಿ ಮಿದುಳಿನ ಐವತ್ತರಲ್ಲಿ ಒಂದು ಪಾಲಿನಷ್ಟಿತ್ತು. ನಮ್ಮ ತಲೆಯೊಳಗಿನ ಮಿದುಳಾದರೋ ಆ ಒಂದು ಸೆಕೆಂಡಿನ ಕೆಲಸವನ್ನು ಒಂದೇ ಸೆಕೆಂಡಿನಲ್ಲಿ, ಸುಮಾರು 20 ವ್ಯಾಟ್‌ನಲ್ಲಿ, ಅಂದರೆ ಮನೆಯ ಒಂದು ಎಲ್‌ಇಡಿ ಟ್ಯೂಬ್‌ಲೈಟಿಗೆ ಸಾಕಾಗುವಷ್ಟು ಶಕ್ತಿಯಲ್ಲಿ ಮಾಡಿ ಮುಗಿಸುತ್ತದೆ.

ಕೃತಕ ಬುದ್ಧಿಮತ್ತೆಗೆ ಬೇಕಾಗುವ ವಿದ್ಯುತ್ತಿನ ಬಗ್ಗೆ ಚರ್ಚೆ ಏರುತ್ತಿರುವ ಈ ದಿನಗಳಲ್ಲಿ, ‘ಮಿದುಳಿನಂತೆ ಕೆಲಸ ಮಾಡುವ ಚಿಪ್’, ‘ನೂರು ಕೋಟಿ ನರಕೋಶಗಳ ಕಂಪ್ಯೂಟರ್’ ಎಂಬಂತಹ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿವೆ. ಇವುಗಳಲ್ಲಿ ನರಕೋಶಗಳ ಸಂಖ್ಯೆಯನ್ನೇ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಆದರೆ ಇಂತಹ ಯಂತ್ರವೊಂದರ ನಿಜವಾದ ಅಳತೆ ಇರುವುದು ಬೇರೆ ಕಡೆ: ಅದು ಎಷ್ಟು ವೇಗವಾಗಿ ನಡೆಯುತ್ತದೆ, ಮತ್ತು ನಡೆಯುತ್ತಾ ತನ್ನೊಳಗಿನ ಸಂಪರ್ಕಗಳನ್ನು ತಾನೇ ಬದಲಾಯಿಸಿಕೊಳ್ಳಬಲ್ಲದೇ, ಅಂದರೆ ಕಲಿಯಬಲ್ಲದೇ ಎಂಬಲ್ಲಿ.

ಸಿಮ್ಯುಲೇಶನ್ ಎಂದರೆ

ಮುಂಗಾರಿನ ಮುನ್ಸೂಚನೆ ಕೊಡುವವರು ಭೂಮಿಯ ವಾತಾವರಣವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಉಷ್ಣತೆ, ಒತ್ತಡ, ತೇವಾಂಶಗಳು ಮುಂದಿನ ಕೆಲವು ನಿಮಿಷಗಳಲ್ಲಿ ಎಷ್ಟಾಗಬಹುದೆಂದು ಸಮೀಕರಣಗಳ ಮೂಲಕ ಲೆಕ್ಕ ಹಾಕುತ್ತಾರೆ. ಬಂದ ಉತ್ತರವನ್ನು ಹಿಡಿದು ಅದರ ಮುಂದಿನ ನಿಮಿಷಗಳಿಗೆ ಹೋಗುತ್ತಾರೆ. ಮಿದುಳಿನ ಸಿಮ್ಯುಲೇಶನ್ ಕೂಡ ಇದೇ ದಾರಿಯದು. ಇಲ್ಲಿ ಚೌಕಗಳ ಬದಲು ನರಕೋಶಗಳಿರುತ್ತವೆ, ನಿಮಿಷಗಳ ಬದಲು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಚಿಕ್ಕ ಹೆಜ್ಜೆಗಳಿರುತ್ತವೆ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗವನ್ನು ಸಿನಾಪ್ಸ್ ಅಥವಾ ನರಸಂಧಿ ಎನ್ನುತ್ತಾರೆ, ದಾಟುವ ಕ್ಷಣಿಕ ವಿದ್ಯುತ್ ಮಿಡಿತವನ್ನು ಸ್ಪೈಕ್ ಎನ್ನುತ್ತಾರೆ. ಮನುಷ್ಯನ ಮಿದುಳಿನಲ್ಲಿ ಇಂತಹ ನರಸಂಧಿಗಳು ಸುಮಾರು 100 ಲಕ್ಷ ಕೋಟಿ ಇವೆಯೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಇಂದು ಎಲ್ಲರ ಫೋನಿನಲ್ಲೂ ಇರುವ ಚಾಟ್‌ಬಾಟ್‌ಗಳು ಇಂತಹ ಸಿಮ್ಯುಲೇಶನ್‌ಗಳಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಅವುಗಳೊಳಗಿನ ‘ನರಜಾಲ’ವು ಮಿದುಳಿನಿಂದ ಹೆಸರನ್ನೂ ಒಂದಿಷ್ಟು ಪ್ರೇರಣೆಯನ್ನೂ ಪಡೆದಿದೆಯೇ ಹೊರತು, ಅದರಲ್ಲಿ ಹರಿಯುವುದು ಬರೀ ಸಂಖ್ಯೆಗಳು, ಕಾಲದಲ್ಲಿ ಇಂತಹುದೇ ಕ್ಷಣಕ್ಕೆ ಹೊಮ್ಮುವ ಮಿಡಿತಗಳು ಅಲ್ಲಿಲ್ಲ.

ತೂತು ಕೊಡದ ಲೆಕ್ಕ

ನರಕೋಶವೊಂದನ್ನು ಗಣಿತದಲ್ಲಿ ಹಿಡಿದಿಡುವ ಅತಿ ಸರಳವಾದ ಮಾದರಿಯನ್ನು ಅರ್ಥ ಮಾಡಿಕೊಳ್ಳಲು ತಳದಲ್ಲಿ ಸಣ್ಣ ತೂತಿರುವ ಕೊಡವೊಂದನ್ನು ನೆನೆಸಿಕೊಂಡರೆ ಸಾಕು. ಬೇರೆ ಬೇರೆ ನಲ್ಲಿಗಳಿಂದ ಅದಕ್ಕೆ ನೀರು ಬೀಳುತ್ತಿರುತ್ತದೆ, ತೂತಿನಿಂದ ನೀರು ನಿಧಾನವಾಗಿ ಸೋರುತ್ತಲೂ ಇರುತ್ತದೆ. ಸೋರುವುದಕ್ಕಿಂತ ಬೇಗ ನೀರು ತುಂಬಿ ಒಂದು ಗೆರೆಯನ್ನು ಮುಟ್ಟಿದೊಡನೆ ಕೊಡ ಮಗುಚಿ ಖಾಲಿಯಾಗಿ, ಮತ್ತೆ ಮೊದಲಿನಿಂದ ತುಂಬತೊಡಗುತ್ತದೆ. ಮಗುಚುವ ಆ ಕ್ಷಣವೇ ಸ್ಪೈಕ್, ನಲ್ಲಿಗಳೇ ನರಸಂಧಿಗಳು. ಫ್ರಾನ್ಸಿನ ಲೂಯಿ ಲಾಪಿಕ್ 1907ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದು ಬಂದ ಈ ಮಾದರಿಯನ್ನು ಇಂದಿನ ಬೃಹತ್ ಸಿಮ್ಯುಲೇಶನ್‌ಗಳಲ್ಲಿ ಬಹುಪಾಲು ಬಳಸುತ್ತಾರೆ.

ಇದಕ್ಕಿಂತ ಬಹಳ ವಿವರವಾದದ್ದು ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವನ್ನು ಪರೀಕ್ಷಿಸಿ ರೂಪಿಸಿದ ಮಾದರಿ. ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ಕೋಶದ ಪೊರೆಯನ್ನು ದಾಟುವುದರಿಂದ ಮಿಡಿತ ಹೇಗೆ ಹುಟ್ಟುತ್ತದೆ ಎಂಬುದನ್ನೇ ಅದು ಹೇಳುತ್ತದೆ. 1963ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಈ ಕೆಲಸಕ್ಕಾಗಿ. ಆದರೆ ವಿವರಕ್ಕೆ ಬೆಲೆ ತೆರಬೇಕು. 2004ರಲ್ಲಿ ಯೂಜೀನ್ ಇಝಿಕೆವಿಚ್ ಹಾಕಿದ ಲೆಕ್ಕದ ಪ್ರಕಾರ, ಒಂದು ನರಕೋಶದ ಒಂದು ಮಿಲಿಸೆಕೆಂಡನ್ನು ಲೆಕ್ಕ ಹಾಕಲು ತೂತು ಕೊಡದ ಮಾದರಿಗೆ ಸುಮಾರು 5 ಗಣಿತಕ್ರಿಯೆಗಳು ಸಾಕಾದರೆ, ಹಾಜ್ಕಿನ್–ಹಕ್ಸ್‌ಲಿ ಮಾದರಿಗೆ ಸುಮಾರು 1,200 ಬೇಕು. ಅವರೇ ರೂಪಿಸಿದ ನಡುವಣ ಮಾದರಿಗೆ 13. ಆದ್ದರಿಂದ ‘ಇಷ್ಟು ಕೋಟಿ ನರಕೋಶಗಳು’ ಎಂಬ ಸುದ್ದಿಯನ್ನು ಓದುವಾಗ, ಆ ಒಂದೊಂದು ನರಕೋಶವೂ ಎಷ್ಟು ವಿವರದ್ದು ಎಂಬುದು ಗೊತ್ತಿಲ್ಲದಿದ್ದರೆ ಆ ಸಂಖ್ಯೆ ಹೆಚ್ಚೇನನ್ನೂ ತಿಳಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಬ್ಲೂ ಬ್ರೈನ್ ಯೋಜನೆ 2015ರಲ್ಲಿ ಪ್ರಕಟಿಸಿದ ಇಲಿಯ ಮಿದುಳಿನ ತುಣುಕಿನಲ್ಲಿದ್ದದ್ದು ಸುಮಾರು 31,000 ನರಕೋಶಗಳು ಮಾತ್ರ. ಆದರೆ ಅಲ್ಲಿ ಪ್ರತಿ ನರಕೋಶದ ಕವಲು ಕವಲೂ ಲೆಕ್ಕದಲ್ಲಿತ್ತು.

ಲೆಕ್ಕಕ್ಕಿಂತ ಕಷ್ಟವಾದದ್ದು ಉಗ್ರಾಣ ಮತ್ತು ಅಂಚೆ

ಒಂದು ಕೊಡದ ಲೆಕ್ಕಕ್ಕೆ ಐದೇ ಕ್ರಿಯೆಗಳು ಸಾಕೆಂದಾದರೆ, ಸೆಕೆಂಡಿಗೆ ಕೋಟಿ ಕೋಟಿ ಕ್ರಿಯೆಗಳನ್ನು ನಡೆಸುವ ಯಂತ್ರಕ್ಕೆ 40 ನಿಮಿಷ ಏಕೆ ಬೇಕಾಯಿತು? ಉತ್ತರ ನರಸಂಧಿಗಳಲ್ಲಿದೆ. ‘ಕೆ’ಯಲ್ಲಿ ಓಡಿದ ಜಾಲದಲ್ಲಿ 10.4 ಲಕ್ಷ ಕೋಟಿ ನರಸಂಧಿಗಳಿದ್ದವು, ಅಂದರೆ ಪ್ರತಿ ನರಕೋಶಕ್ಕೆ ಸುಮಾರು 6,000. ಪ್ರತಿ ನರಸಂಧಿಗೂ ಅದು ಯಾರಿಗೆ ಸೇರಿದ್ದು, ಅದರ ಬಲ ಎಷ್ಟು, ಸಂದೇಶ ದಾಟಲು ಎಷ್ಟು ಹೊತ್ತು ಬೇಕು ಎಂಬ ವಿವರಗಳನ್ನು ಬರೆದಿಡಬೇಕು. ಒಂದಕ್ಕೆ 24 ಬೈಟ್‌ಗಳಂತೆ ಹಿಡಿದರೂ ಇಡೀ ಮಿದುಳಿನ ನರಸಂಧಿಗಳಿಗೆ 2,400 ಟೆರಾಬೈಟ್ ಮೆಮೊರಿ ಬೇಕಾಗುತ್ತದೆ. ಅದೂ ಹಾರ್ಡ್ ಡಿಸ್ಕಿನಲ್ಲಲ್ಲ, ಪ್ರತಿ ಕ್ಷಣವೂ ಕೈಗೆ ಸಿಗುವ ರ್‍ಯಾಮ್‌ನಲ್ಲಿ.

ಜಾಗ ಸಿಕ್ಕಿದರೂ ಓಡಾಟದ ತೊಂದರೆ ಉಳಿಯುತ್ತದೆ. ಸಾಮಾನ್ಯ ಕಂಪ್ಯೂಟರುಗಳಲ್ಲಿ ಲೆಕ್ಕ ಮಾಡುವ ಪ್ರೊಸೆಸರ್ ಒಂದೆಡೆ, ಮಾಹಿತಿ ಇಡುವ ಮೆಮೊರಿ ಇನ್ನೊಂದೆಡೆ. ಮದುವೆಮನೆಯಲ್ಲಿ ಉಗ್ರಾಣವನ್ನು ಒಂದು ಬೀದಿಯಲ್ಲಿಟ್ಟು, ಅಡುಗೆಯನ್ನು ಮತ್ತೊಂದು ಬೀದಿಯಲ್ಲಿ ಮಾಡಿದಂತೆ ಇದು: ಬಾಣಸಿಗರು ಎಷ್ಟೇ ಚುರುಕಾಗಿದ್ದರೂ, ಪ್ರತಿ ಚಿಟಿಕೆ ಉಪ್ಪಿಗೂ ಒಬ್ಬರು ಓಡಿಹೋಗಿ ಬರಬೇಕಾದರೆ ಹೊತ್ತೆಲ್ಲ ದಾರಿಯಲ್ಲೇ ಕಳೆಯುತ್ತದೆ. ಸಿಮ್ಯುಲೇಶನ್‌ನಲ್ಲಿ ಸ್ಪೈಕ್ ಬಂದಾಗಲೆಲ್ಲ ಸಾವಿರಾರು ನರಸಂಧಿಗಳ ವಿವರವನ್ನು ಹೀಗೆ ತರಬೇಕಾಗುತ್ತದೆ. ಮಿದುಳಿನಲ್ಲಾದರೆ ಬಲವನ್ನು ನೆನಪಿಡುವುದೂ ಸಂದೇಶವನ್ನು ದಾಟಿಸುವುದೂ ಅದೇ ನರಸಂಧಿ. ಅಲ್ಲಿ ಉಗ್ರಾಣವೂ ಅಡುಗೆಮನೆಯೂ ಒಂದೇ.

ಮೂರನೆಯದು ಅಂಚೆಯ ಸಮಸ್ಯೆ. ಒಂದು ಪ್ರೊಸೆಸರಿನಲ್ಲಿರುವ ನರಕೋಶ ಮಿಡಿದಾಗ, ಅದರ ಸುದ್ದಿ ಬೇರೆ ಬೇರೆ ಪ್ರೊಸೆಸರುಗಳಲ್ಲಿ ಹರಡಿರುವ ಅದರ ಸಾವಿರಾರು ನೆಂಟರಿಗೆ ಮುಟ್ಟಬೇಕು. ಇಲ್ಲಿ ತಂತ್ರಾಂಶ ಬರೆಯುವವರಿಗೆ ಜೀವವಿಜ್ಞಾನವೇ ಒಂದು ಅನುಕೂಲ ಮಾಡಿಕೊಟ್ಟಿದೆ. ನರಸಂಧಿಯನ್ನು ದಾಟಲು ಸಂದೇಶಕ್ಕೆ ಸುಮಾರು ಒಂದು ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಪ್ರೊಸೆಸರುಗಳು ಒಂದರೊಡನೊಂದು ಮಾತಾಡದೆ ತಮ್ಮ ಪಾಡಿಗೆ ಲೆಕ್ಕ ಮಾಡಿಕೊಂಡು, ಆಮೇಲೆ ಸುದ್ದಿಗಳನ್ನು ಒಟ್ಟಿಗೆ ಹಂಚಿಕೊಂಡರೂ ಉತ್ತರ ತಪ್ಪುವುದಿಲ್ಲ. ಮಾರ್ಕುಸ್ ಡೀಸ್ಮಾನ್ ಮತ್ತು ಮಾರ್ಕ್-ಒಲಿವರ್ ಗೆವಾಲ್ಟಿಗ್ 1990ರ ದಶಕದಲ್ಲಿ ಆರಂಭಿಸಿದ, ‘ಕೆ’ಯಲ್ಲಿ ಓಡಿದ ‘ನೆಸ್ಟ್’ ಎಂಬ ಮುಕ್ತ ತಂತ್ರಾಂಶ ಕೆಲಸ ಮಾಡುವುದು ಹೀಗೆಯೇ. ಆದರೂ ಅದರ ಹಳೆಯ ಆವೃತ್ತಿಗಳಲ್ಲಿ ಪ್ರತಿ ಸುದ್ದಿಯೂ ಎಲ್ಲ ಪ್ರೊಸೆಸರುಗಳಿಗೂ ಹೋಗುತ್ತಿತ್ತು, ತನಗೆ ಸಂಬಂಧಿಸಿದ್ದೇ ಅಲ್ಲವೇ ಎಂದು ಪ್ರತಿಯೊಂದೂ ನೋಡಬೇಕಾಗುತ್ತಿತ್ತು. ಊರಿನ ಎಲ್ಲ ಪತ್ರಗಳನ್ನೂ ಎಲ್ಲ ಮನೆಗಳಿಗೂ ಹಾಕಿದ ಹಾಗೆ. 2018ರಲ್ಲಿ ಪ್ರಕಟವಾದ ಹೊಸ ವಿಧಾನ ಪತ್ರಗಳನ್ನು ವಿಳಾಸ ನೋಡಿ ಕಳಿಸತೊಡಗಿತು. ಜರ್ಮನಿಯ ಯೂಲಿಖ್‌ನ ಸೂಪರ್‌ಕಂಪ್ಯೂಟರಿನಲ್ಲಿ 52 ಕೋಟಿ ನರಕೋಶಗಳ ಜಾಲದ ಒಂದು ಸೆಕೆಂಡಿಗೆ ಹಿಡಿಯುತ್ತಿದ್ದ 28.5 ನಿಮಿಷ, ಆ ಒಂದು ಬದಲಾವಣೆಯಿಂದ 5.2 ನಿಮಿಷಕ್ಕೆ ಇಳಿಯಿತು. ಯಂತ್ರ ಅದೇ, ಬದಲಾದದ್ದು ಅಂಚೆಯ ಪದ್ಧತಿ ಮಾತ್ರ.

ಮಿದುಳಿಗೆಂದೇ ಕಟ್ಟಿದ ಯಂತ್ರಗಳು

ಉಗ್ರಾಣವನ್ನೂ ಅಡುಗೆಮನೆಯನ್ನೂ ಹತ್ತಿರ ತರುವ ಉದ್ದೇಶದಿಂದ ಕಟ್ಟಿದ ಯಂತ್ರಗಳನ್ನು ನ್ಯೂರೋಮಾರ್ಫಿಕ್ ಯಂತ್ರಗಳು ಎನ್ನುತ್ತಾರೆ. ಇವೆಲ್ಲವೂ ಒಂದೇ ಬಗೆಯವಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ‘ಸ್ಪಿನ್ನೇಕರ್’ ಯಂತ್ರವನ್ನು ರೂಪಿಸಿದ ಸ್ಟೀವ್ ಫರ್ಬರ್, ಇಂದು ಬಹುತೇಕ ಎಲ್ಲ ಮೊಬೈಲುಗಳಲ್ಲಿರುವ ಆರ್ಮ್ ಪ್ರೊಸೆಸರಿನ ಮೊದಲ ವಿನ್ಯಾಸಕಾರರಲ್ಲಿ ಒಬ್ಬರು. ಭಾರಿ ಪ್ರೊಸೆಸರುಗಳ ಬದಲು ಸಣ್ಣ ಆರ್ಮ್ ಕೋರ್‌ಗಳನ್ನೇ, ಚಿಪ್‌ಗೆ 18ರಂತೆ, ಅಪಾರ ಸಂಖ್ಯೆಯಲ್ಲಿ ಜೋಡಿಸಿ, ಸ್ಪೈಕ್‌ಗಳಂತಹ ಪುಟ್ಟ ಸುದ್ದಿಗಳನ್ನು ಏಕಕಾಲಕ್ಕೆ ಅನೇಕ ಕಡೆಗೆ ಹಂಚುವ ವಿಶೇಷ ಅಂಚೆಜಾಲವನ್ನು ಅವುಗಳ ನಡುವೆ ಹೆಣೆದದ್ದು ಅದರ ಹೆಚ್ಚುಗಾರಿಕೆ. 2018ರ ನವೆಂಬರಿನಲ್ಲಿ ಅದು ಹತ್ತು ಲಕ್ಷ ಕೋರ್‌ಗಳೊಂದಿಗೆ ಚಾಲನೆಗೆ ಬಂದಿತು.

2014ರಲ್ಲಿ ಧರ್ಮೇಂದ್ರ ಮೋಧಾ ಅವರ ನೇತೃತ್ವದಲ್ಲಿ ಐಬಿಎಂ ಹೊರತಂದ ‘ಟ್ರೂನಾರ್ತ್’ ಚಿಪ್ 10 ಲಕ್ಷ ನರಕೋಶಗಳನ್ನೂ 25.6 ಕೋಟಿ ನರಸಂಧಿಗಳನ್ನೂ ಸುಮಾರು 70 ಮಿಲಿವ್ಯಾಟ್‌ನಲ್ಲಿ ನಡೆಸಿತು. ಇಂಟೆಲ್ ಕಂಪನಿಯ ‘ಲೋಯಿಹಿ 2’ ಚಿಪ್‌ಗಳನ್ನು 1,152ರ ಸಂಖ್ಯೆಯಲ್ಲಿ ಸೇರಿಸಿ ಕಟ್ಟಿದ ‘ಹಾಲಾ ಪಾಯಿಂಟ್’ 2024ರಲ್ಲಿ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಯಿತು. ಅದಕ್ಕೆ 115 ಕೋಟಿ ನರಕೋಶಗಳ ಸಾಮರ್ಥ್ಯವಿದೆ, ಬೇಕಾಗುವ ವಿದ್ಯುತ್ತು ಗರಿಷ್ಠ 2,600 ವ್ಯಾಟ್.

ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ‘ಬ್ರೈನ್‌ಸ್ಕೇಲ್ಸ್’ ಇವೆಲ್ಲಕ್ಕಿಂತ ಬೇರೆ ದಾರಿ ಹಿಡಿದಿದೆ. ಅದು ಕೊಡದ ನೀರನ್ನು ಸಂಖ್ಯೆಯಾಗಿ ಲೆಕ್ಕ ಹಾಕುವುದೇ ಇಲ್ಲ. ಚಿಪ್‌ನೊಳಗೆ ನಿಜವಾಗಿಯೇ ವಿದ್ಯುದಾವೇಶವನ್ನು ತುಂಬಿಸಿ, ಸೋರಿಸಿ, ಗೆರೆ ಮುಟ್ಟಿದಾಗ ಖಾಲಿ ಮಾಡುತ್ತದೆ. ಇಂತಹ ಮಂಡಲಗಳಲ್ಲಿ ಎಲ್ಲವೂ ಜೀವಕೋಶಕ್ಕಿಂತ ಬಹಳ ಬೇಗ ನಡೆಯುವುದರಿಂದ, ಅದರ ಎರಡನೆಯ ಪೀಳಿಗೆ ನಿಜವಾದ ಮಿದುಳಿಗಿಂತ ಸುಮಾರು ಸಾವಿರ ಪಟ್ಟು ವೇಗವಾಗಿ ಓಡುತ್ತದೆ. ಪ್ರತಿಯಾಗಿ ಕಳೆದುಕೊಳ್ಳುವುದು ನಿಖರತೆಯನ್ನು: ಒಂದೇ ಅಚ್ಚಿನಲ್ಲಿ ತಯಾರಾದರೂ ಎರಡು ಟ್ರಾನ್ಸಿಸ್ಟರುಗಳು ತುಸು ಬೇರೆಯಾಗಿಯೇ ವರ್ತಿಸುವುದರಿಂದ ಪ್ರತಿ ಚಿಪ್ಪನ್ನೂ ಅಳೆದು ಹೊಂದಿಸಬೇಕಾಗುತ್ತದೆ. ಒಂದು ಚಿಪ್‌ನಲ್ಲಿ ಹಿಡಿಯುವ ನರಕೋಶಗಳೂ 512 ಮಾತ್ರ.

ಕಲಿಯುವುದೆಂದರೆ ಏನು ಬದಲಾಗುತ್ತದೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಇರುವ ಜಾಲವನ್ನು ನಡೆಸುವ ಮಾತಾಯಿತು. ಆದರೆ ಮಿದುಳು ಇದ್ದಂತೆ ಇರುವುದಿಲ್ಲ. ಹೊಸದನ್ನು ಕಲಿತಾಗ ನರಸಂಧಿಗಳ ಬಲ ಬದಲಾಗುತ್ತದೆ. ಕೊಡದ ಹೋಲಿಕೆಯಲ್ಲಿ ಹೇಳುವುದಾದರೆ, ಕೆಲವು ನಲ್ಲಿಗಳು ಹೆಚ್ಚು ತೆರೆದುಕೊಳ್ಳುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಇದನ್ನು ಊಹಿಸಿದ್ದರು: ಒಂದು ನರಕೋಶ ಇನ್ನೊಂದನ್ನು ಮಿಡಿಸುವುದರಲ್ಲಿ ಪದೇ ಪದೇ ಪಾಲುಗೊಂಡರೆ ಅವೆರಡರ ನಡುವಣ ಸಂಪರ್ಕ ಬಲಗೊಳ್ಳುತ್ತದೆ ಎಂದು. 1998ರಲ್ಲಿ ಗುವೊ-ಚಿಯಾಂಗ್ ಬಿ ಮತ್ತು ಮು-ಮಿಂಗ್ ಪೂ ಇಲಿಯ ನರಕೋಶಗಳಲ್ಲಿ ಇದರ ಕಾಲದ ಲೆಕ್ಕವನ್ನು ಅಳೆದು ತೋರಿಸಿದರು. ಕಳಿಸುವ ಕೋಶ ಮಿಡಿದ ಸುಮಾರು 20 ಮಿಲಿಸೆಕೆಂಡಿನೊಳಗೆ ಪಡೆಯುವ ಕೋಶ ಮಿಡಿದರೆ ಸಂಪರ್ಕ ಬಲವಾಗುತ್ತದೆ, ಹಿಂದುಮುಂದಾದರೆ ದುರ್ಬಲವಾಗುತ್ತದೆ. ಯಾರ ಸುದ್ದಿಯ ನಂತರ ತಾನು ಮಿಡಿದೆನೋ ಅವರನ್ನು ಹೆಚ್ಚು ನಂಬುವುದು, ತಾನು ಮಿಡಿದಾದ ಮೇಲೆ ಸುದ್ದಿ ತಂದವರನ್ನು ಕಡಿಮೆ ನಂಬುವುದು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಎಸ್‌ಟಿಡಿಪಿ ಎಂದು ಕರೆಯುವ ಈ ನಿಯಮ ಇಂದು ಹೆಚ್ಚಿನ ಸಿಮ್ಯುಲೇಶನ್ ತಂತ್ರಾಂಶಗಳಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ.

ಅದೊಂದೇ ಸಾಲದು. ಮಗು ಸರಿಯಾದ ಉತ್ತರ ಹೇಳಿದ ಕೆಲವು ಸೆಕೆಂಡುಗಳ ನಂತರ ‘ಭೇಷ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ 20 ಮಿಲಿಸೆಕೆಂಡಿನ ಕಿಟಕಿ ಎಂದೋ ಮುಚ್ಚಿರುತ್ತದೆ. ಹಾಗಿದ್ದರೆ ಆ ಮೆಚ್ಚುಗೆ ಯಾವ ನರಸಂಧಿಗಳಿಗೆ ಸಲ್ಲಬೇಕು? ಕಾಲು ತೊಳೆದುಕೊಂಡು ಕೆಂಪು ಗಾರೆ ನೆಲದ ಮೇಲೆ ನಡೆದವರ ಒದ್ದೆ ಹೆಜ್ಜೆಗಳು ಕೆಲ ಹೊತ್ತು ಕಾಣುತ್ತಿದ್ದು ಆಮೇಲೆ ಆರಿಹೋಗುತ್ತವೆ. ಅದರಂತೆ, ಈಗಷ್ಟೇ ದುಡಿದ ನರಸಂಧಿಯಲ್ಲಿ ಕೆಲವು ಸೆಕೆಂಡು ಉಳಿಯುವ ಕುರುಹೊಂದು ಇರುತ್ತದೆ ಎಂದು ಮಾದರಿಗಳು ಭಾವಿಸುತ್ತವೆ. ಹೆಜ್ಜೆ ಆರುವ ಮೊದಲು ಡೋಪಮೈನ್ ಎಂಬ ರಾಸಾಯನಿಕದ ರೂಪದಲ್ಲಿ ಮೆಚ್ಚುಗೆ ಬಂದರೆ, ಕುರುಹು ಇರುವ ನರಸಂಧಿಗಳು ಮಾತ್ರ ಬಲಗೊಳ್ಳುತ್ತವೆ. ಇದರ ಜೊತೆಗೆ ಅತಿಯಾಗಿ ಮಿಡಿಯತೊಡಗಿದ ನರಕೋಶಗಳನ್ನು ಹದಕ್ಕೆ ತರುವ ನಿಯಮವೂ ಬೇಕು. ಅದಿಲ್ಲದಿದ್ದರೆ ಬಲಗೊಂಡ ಸಂಪರ್ಕಗಳು ಒಂದನ್ನೊಂದು ಕೆರಳಿಸಿ ಇಡೀ ಜಾಲ ಅಪಸ್ಮಾರದ ಸೆಳೆತದಂತೆ ಒಟ್ಟಿಗೆ ಮಿಡಿಯತೊಡಗುತ್ತದೆ.

ಈ ನಿಯಮಗಳ ಕೆಳಗೆ ನರಸಂಧಿಯೊಳಗಿನ ರಸಾಯನಕ್ರಿಯೆಗಳ ಇನ್ನೊಂದು ಲೋಕವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಪಿಂದರ್ ಭಲ್ಲಾ ಅವರ ತಂಡ ಬೆಳೆಸಿದ ‘ಮೂಸ್’ ಎಂಬ ತಂತ್ರಾಂಶ ಈ ರಸಾಯನಕ್ರಿಯೆಗಳಿಂದ ಹಿಡಿದು ನರಕೋಶಗಳ ಜಾಲದವರೆಗಿನ ಹಂತಗಳನ್ನು ಒಂದೇ ಕಡೆ ಲೆಕ್ಕ ಹಾಕಲು ಅವಕಾಶ ಕೊಡುತ್ತದೆ. ಕ್ಷಣಮಾತ್ರದ ಪ್ರಚೋದನೆ ಬಹುಕಾಲ ಉಳಿಯುವ ಬದಲಾವಣೆಯಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆ ಹಂತದಲ್ಲಿ.

ಕಲಿಕೆಯು ಯಂತ್ರದಿಂದ ಕೇಳುವುದೇನು?

ಕಲಿಕೆಯನ್ನು ಸೇರಿಸಿದೊಡನೆ ಯಂತ್ರದ ಹೊರೆಯ ಸ್ವರೂಪವೇ ಬದಲಾಗುತ್ತದೆ. ಬದಲಾಗದ ಜಾಲದಲ್ಲಿ ನರಸಂಧಿಯ ಬಲವನ್ನು ಓದಿದರೆ ಸಾಕು. ಕಲಿಯುವ ಜಾಲದಲ್ಲಿ ಓದಿ, ತಿದ್ದಿ, ಮತ್ತೆ ಬರೆದಿಡಬೇಕು. ಒಂದು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಸರಕು ಕಳಿಸುವವರ ಹೆಸರಿಗೊಂದು ಪುಟವಿದ್ದು, ಆ ಪುಟದಲ್ಲಿ ಅವರಿಂದ ಸರಕು ಪಡೆಯುವವರೆಲ್ಲರ ಪಟ್ಟಿಯಿದೆ ಎಂದುಕೊಳ್ಳೋಣ. ಕಳಿಸುವವರು ಬಂದಾಗ ಒಂದು ಪುಟ ತೆರೆದರೆ ಕೆಲಸ ಆಯಿತು. ಆದರೆ ಪಡೆಯುವವರೊಬ್ಬರು ಬಂದು ‘ನನಗೆ ಸಂಬಂಧಿಸಿದ್ದನ್ನೆಲ್ಲ ತಿದ್ದಿ’ ಎಂದರೆ ಇಡೀ ಪುಸ್ತಕವನ್ನು ಮಗುಚಬೇಕು. ಸ್ಪಿನ್ನೇಕರ್‌ನ ಮೆಮೊರಿಯಲ್ಲಿ ನರಸಂಧಿಗಳನ್ನು ಜೋಡಿಸಿರುವುದು ಹೀಗೆ ಕಳಿಸುವ ನರಕೋಶಗಳ ಪ್ರಕಾರವೇ. ಎಸ್‌ಟಿಡಿಪಿಗಾದರೋ ಪಡೆಯುವ ಕೋಶ ಮಿಡಿದಾಗಲೂ ತಿದ್ದುಪಡಿ ಆಗಬೇಕು. ಅದಕ್ಕಾಗಿ ಪಡೆಯುವ ಕೋಶದ ಮಿಡಿತದ ಹೊತ್ತನ್ನು ಬೇರೆಡೆ ಗುರುತು ಮಾಡಿಟ್ಟುಕೊಂಡು, ಮುಂದೆ ಕಳಿಸುವ ಕೋಶ ಮಿಡಿದು ಅದರ ಪುಟ ತೆರೆದಾಗ ಬಾಕಿ ತಿದ್ದುಪಡಿಗಳನ್ನೆಲ್ಲ ಒಟ್ಟಿಗೆ ಮಾಡುತ್ತಾರೆ. ಬಾಕಿಯನ್ನು ಹೀಗೆ ಮುಂದೂಡುವ ಉಪಾಯ ಕಂಡುಕೊಳ್ಳದಿದ್ದರೆ ಅಷ್ಟು ಕೋರ್‌ಗಳಿದ್ದೂ ಕಲಿಕೆ ಸಾಧ್ಯವಾಗುತ್ತಿರಲಿಲ್ಲ. ಹೊರಗಿನವರಿಗೆ ಕಾಣದ ಇಂತಹ ಕೆಲಸವೇ ಈ ಕ್ಷೇತ್ರದ ತಿರುಳು ಎಂಬುದು ನನ್ನ ತಿಳುವಳಿಕೆ.

ಈ ದೃಷ್ಟಿಯಿಂದ ನೋಡಿದರೆ ಮೇಲಿನ ಯಂತ್ರಗಳ ನಡುವಣ ವ್ಯತ್ಯಾಸ ಎದ್ದು ಕಾಣುತ್ತದೆ. ಟ್ರೂನಾರ್ತ್ ಅಷ್ಟು ಕಡಿಮೆ ವಿದ್ಯುತ್ತಿನಲ್ಲಿ ನಡೆದದ್ದು ನಿಜ, ಆದರೆ ಅದು ತಾನಾಗಿ ಕಲಿಯುತ್ತಿರಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ತರಬೇತಿ ಮುಗಿಸಿ, ಸಿದ್ಧವಾದ ಬಲಗಳನ್ನು ಅದರೊಳಗೆ ತುಂಬಬೇಕಿತ್ತು. ಲೋಯಿಹಿಯಲ್ಲಿ ಕಲಿಕೆಯ ನಿಯಮವನ್ನು ಒಂದು ಚೌಕಟ್ಟಿನೊಳಗೆ ಬಳಕೆದಾರರೇ ಬರೆಯಬಹುದು. ಬ್ರೈನ್‌ಸ್ಕೇಲ್ಸ್‌ನ ಎರಡನೆಯ ಪೀಳಿಗೆಯಲ್ಲಿ ಕಲಿಕೆಗೆಂದೇ ಪುಟ್ಟ ಪ್ರೊಸೆಸರುಗಳನ್ನು ಪಕ್ಕದಲ್ಲಿ ಕೂರಿಸಿದ್ದಾರೆ. ಆದರೆ ಅಲ್ಲಿ ನರಸಂಧಿಯ ಬಲಕ್ಕೆ 6 ಬಿಟ್ ಅಷ್ಟೇ ಇರುವುದರಿಂದ 64 ಮೆಟ್ಟಿಲುಗಳು ಮಾತ್ರ. ಸ್ವಲ್ಪ ಸ್ವಲ್ಪವೇ ಕಲಿಯಬೇಕಾದಲ್ಲಿ ಮೆಟ್ಟಿಲುಗಳು ಎತ್ತರವಾಗಿದ್ದರೆ ತೊಂದರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ ಪ್ರಕಟಿಸಿದ, ಅಣುಗಳ ತೆಳು ಪದರದಿಂದ ಮಾಡಿದ ಸಾಧನ ಸುಮಾರು 16,500 ಬೇರೆ ಬೇರೆ ಸ್ಥಿತಿಗಳನ್ನು ಹಿಡಿದಿಡಬಲ್ಲದು ಎಂಬ ಸುದ್ದಿಗೆ ಮಹತ್ವ ಬಂದದ್ದು ಇದೇ ಕಾರಣಕ್ಕೆ: ಮಾಹಿತಿಯನ್ನು ಇಡುವ ಜಾಗದಲ್ಲೇ ಲೆಕ್ಕವೂ ನಡೆಯುವ ಸಾಧನವದು, ಅದರ ಮೆಟ್ಟಿಲುಗಳೂ ಬಹಳ ಸಣ್ಣವು.

ಗಡಿಯಾರದ ಪ್ರಶ್ನೆ

‘ಕೆ’ಯ ಸಿಮ್ಯುಲೇಶನ್ ನಿಜವಾದ ಮಿದುಳಿಗಿಂತ 2,400 ಪಟ್ಟು ನಿಧಾನ. ಒಂದು ಸೆಕೆಂಡಿನ ಚಟುವಟಿಕೆಯನ್ನು ನೋಡಬೇಕಾದವರು 40 ನಿಮಿಷ ಕಾಯಬಹುದು. ಆದರೆ ಕಲಿಕೆ ಸೆಕೆಂಡುಗಳಲ್ಲಿ ಮುಗಿಯುವುದಿಲ್ಲ. ಅದೇ ವೇಗದಲ್ಲಿ ಒಂದು ಗಂಟೆಯ ಕಲಿಕೆಗೆ 100 ದಿನ, ಒಂದು ದಿನದ ಕಲಿಕೆಗೆ ಆರೂವರೆ ವರ್ಷ, ಐದು ವರ್ಷದ ಮಗು ಕಲಿತಷ್ಟನ್ನು ಕಲಿಯಲು 12,000 ವರ್ಷ ಬೇಕು. ಸಾವಿರ ಪಟ್ಟು ವೇಗದ ಬ್ರೈನ್‌ಸ್ಕೇಲ್ಸ್‌ನಲ್ಲಾದರೆ ಒಂದು ದಿನ 86 ಸೆಕೆಂಡುಗಳಲ್ಲಿ ಮುಗಿಯುತ್ತದೆ, ಆದರೆ ಅದು ಕೆಲವೇ ನರಕೋಶಗಳ ಒಂದು ದಿನ.

ಹೀಗಾಗಿ ಜಾಲವನ್ನು ಹಿಗ್ಗಿಸುವುದರ ಬದಲು ಚಿಕ್ಕ ಜಾಲವೊಂದನ್ನು ನಿಜಕಾಲದ ವೇಗಕ್ಕೆ ತರುವ ಪೈಪೋಟಿಯೂ ನಡೆದಿದೆ. ಇದಕ್ಕೆ ಎಲ್ಲರೂ ಬಳಸುವ ಒರೆಗಲ್ಲು 2014ರಲ್ಲಿ ಪ್ರಕಟವಾದ, ಮಿದುಳಿನ ಹೊರಪದರದ ಒಂದು ಚದರ ಮಿಲಿಮೀಟರಿನ ಮಾದರಿ: ಸುಮಾರು 77,000 ನರಕೋಶಗಳು, 30 ಕೋಟಿ ನರಸಂಧಿಗಳು. 2018ರಲ್ಲಿ ಸ್ಪಿನ್ನೇಕರ್ ಇದನ್ನು ನಿಜಕಾಲಕ್ಕಿಂತ 20 ಪಟ್ಟು ನಿಧಾನವಾಗಿ ನಡೆಸಿತ್ತು; ಸ್ವಲ್ಪ ಸಮಯದಲ್ಲೇ ನಿಜಕಾಲವನ್ನು ಮುಟ್ಟಿತು. 2022ರ ಹೊತ್ತಿಗೆ ನೆಸ್ಟ್ ತಂತ್ರಾಂಶವು ಮಾರುಕಟ್ಟೆಯಲ್ಲಿ ಸಿಗುವ ಸರ್ವರ್ ಕಂಪ್ಯೂಟರಿನಲ್ಲೇ ಅದನ್ನು ನಿಜಕಾಲಕ್ಕಿಂತ ವೇಗವಾಗಿ ಓಡಿಸಿತು.

ಜಾಲದ ನಕ್ಷೆ ಎಲ್ಲಿಂದ?

‘ಕೆ’ಯಲ್ಲಿ ಓಡಿದ ಜಾಲದಲ್ಲಿ ಯಾವ ನರಕೋಶ ಯಾವುದಕ್ಕೆ ಸೇರಬೇಕೆಂಬುದನ್ನು ಯಾದೃಚ್ಛಿಕವಾಗಿ ಆರಿಸಲಾಗಿತ್ತು, ಯಂತ್ರದ ಮಿತಿಯನ್ನು ಪರೀಕ್ಷಿಸುವುದಷ್ಟೇ ಅದರ ಉದ್ದೇಶವಾಗಿತ್ತು. ನಿಜವಾದ ಸಂಪರ್ಕಗಳ ಪೂರ್ಣ ನಕ್ಷೆ ಮೊದಲು ಸಿಕ್ಕಿದ್ದು 302 ನರಕೋಶಗಳ ಒಂದು ದುಂಡುಹುಳುವಿಗೆ, 1986ರಲ್ಲಿ. 2024ರ ಅಕ್ಟೋಬರಿನಲ್ಲಿ ಬೆಳೆದ ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಪ್ರಕಟವಾಯಿತು: 1,39,255 ನರಕೋಶಗಳು, ಐದು ಕೋಟಿಗೂ ಹೆಚ್ಚು ನರಸಂಧಿಗಳು. ಅದನ್ನು ಆಧರಿಸಿ, ತೂತು ಕೊಡದ ಸರಳ ನರಕೋಶಗಳಿಂದಲೇ ಕಟ್ಟಿದ ಮಾದರಿಯೊಂದರಲ್ಲಿ ಸಕ್ಕರೆಯ ರುಚಿ ಹಿಡಿಯುವ ನರಕೋಶಗಳನ್ನು ಮಿಡಿಸಿದಾಗ, ನೊಣ ತನ್ನ ಸೊಂಡಿಲನ್ನು ಚಾಚಲು ಬೇಕಾದ ನರಕೋಶಗಳು ಮಿಡಿದವು. ಮಾದರಿ ಮುಂದಿಟ್ಟ ಅನೇಕ ಊಹೆಗಳು ಜೀವಂತ ನೊಣಗಳ ಮೇಲಿನ ಪ್ರಯೋಗಗಳಲ್ಲೂ ನಿಜವಾದವು. ಆ ಮಾದರಿಯಲ್ಲಿ ನರಸಂಧಿಗಳ ಬಲ ನಕ್ಷೆಯಲ್ಲಿ ಎಣಿಸಿದಂತೆ ಕೊನೆಯವರೆಗೂ ಅಷ್ಟೇ ಇರುತ್ತದೆ. ಜೀವಂತ ನೊಣವಾದರೋ ಒಂದು ವಾಸನೆಯ ಜೊತೆಗೆ ಕೆಲವು ಬಾರಿ ಆಘಾತ ಉಂಡರೆ, ಮುಂದೆ ಆ ವಾಸನೆ ಬಂದ ಕಡೆಗೆ ಹೋಗುವುದನ್ನು ಬಿಡುತ್ತದೆ.